ಕಾಫಿ ಬೀಜಕ್ಕೆ ಬಂದ ಹೊಳಪು

ಗರಗರ ಎಂದು ಶುರುವಾಗುತ್ತಿತ್ತು. ಸ್ವಲ್ಪ ಹೊತ್ತು ಸರಿಯಾಗಿಯೇ ನಡೆದು, ಆಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಕುಂಯ್ ಎಂದು ಎಳೆದು, ಕೊನೆಗೆ ಬರೀ ಮೋಟಾರಿನ ಗುಂಯ್ ಉಳಿಯುತ್ತಿತ್ತು. ರಾಣೇಬೆನ್ನೂರಿನ ಒಂದು ಬಿತ್ತನೆ ಬೀಜದ ಕಂಪನಿಯ ಆಫೀಸಿನಲ್ಲಿ, ಆಟೊಮ್ಯಾಟಿಕ್ ಕಾಫಿ ಮಷೀನಿನ ಹೊಟ್ಟೆಯೊಳಗಿಂದ ಬರುತ್ತಿದ್ದ ಸದ್ದು ಅದು. ಈಗಲೂ ಮನೆಯ ಮಿಕ್ಸಿಯಲ್ಲಿ ನೀರು ಕಮ್ಮಿಯಾಗಿ ಚಟ್ನಿ ಕಟ್ಟಿಕೊಂಡರೆ ಸಾಕು, ನನ್ನ ಕೈ ಬೆಚ್ಚಿ ಸ್ವಿಚ್ಚಿಗೆ ಹೋಗುತ್ತದೆ. ಸಿಲ್ಲಿ, ಐ ನೋ. ಆದರೆ ಆ ಮಷೀನಿಗೆ ಯಾವ ಕಾಫಿ ಬೀಜ ಹಾಕಬೇಕೆಂದು ನಿರ್ಧರಿಸಿದವಳು ನಾನು. ಅದು ಕೆಟ್ಟಾಗ ಎಲ್ಲರೂ ತಿರುಗಿ ನೋಡಿದ್ದು ನನ್ನ ಕಡೆಗೆ.

ಕೆಲಸ ತಂದವಳು ನನ್ನ ಗೆಳತಿಯ ಮಗಳು. ಅವಳ ತಾಯಿ ಮತ್ತು ನಾನು ಹುಬ್ಬಳ್ಳಿಯ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯವರು. ತಾಯಿ ತೀರಿಕೊಂಡ ಮೇಲೂ ಹುಡುಗಿ ನನ್ನನ್ನು ಸ್ವಂತ ಚಿಕ್ಕಮ್ಮನ ಹಾಗೆ ಮೌಶಿ ಎಂದು ಕರೆಯುವುದನ್ನು ಬಿಡಲಿಲ್ಲ. ಹುಡುಗಿ ಎನ್ನುತ್ತಿದ್ದೇನೆ, ಅವಳಿಗೂ ನಲವತ್ತು ದಾಟಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆ ಸೊಸೆ. ಮಾವನ ಗೋದಾಮಿನ ಲೆಕ್ಕ ನೋಡುವುದು ಸಾಕಾಗಿ, ತನ್ನದೇ ಒಂದು ಧಂದೆ ಬೇಕೆಂದು ಮೂರು ಕಾಫಿ ಮಷೀನು ತರಿಸಿದಳು. ಗುಂಡಿ ಒತ್ತಿದರೆ ತಾನೇ ಬೀಜ ಬೀಸಿ, ತಾನೇ ಬಿಸಿನೀರು ಹಾಯಿಸಿ, ತಾನೇ ಹಾಲು ನೊರೆ ಮಾಡಿ ಕಪ್ಪಿಗೆ ಸುರಿಯುವಂಥವು. ಒಂದು ರಾಣೇಬೆನ್ನೂರಿನ ಆ ಕಂಪನಿಗೆ, ಒಂದು ಹಾವೇರಿಯ ಖಾಸಗಿ ಆಸ್ಪತ್ರೆಗೆ, ಇನ್ನೊಂದು ಬ್ಯಾಡಗಿಯಲ್ಲಿ ಮಾವನದೇ ಅಂಗಡಿಗೆ.

"ಮೌಶಿ, ಚಾ ಕುಡಿಯೋ ಮಂದಿ ಈಗ ಕಾಫಿ ಕಡೆ ಹೊಳ್ಳಾಕತ್ತಾರ. ಮಷೀನ್ ನಂದು, ಬೀಜ ನಿಮ್ದು," ಎಂದಳು.

ಕಾಫಿ ಸಂಸ್ಕರಣಾ ಕಾರ್ಖಾನೆಯೊಂದರ ಟೇಸ್ಟಿಂಗ್ ರೂಮಿನಲ್ಲಿ ಚಮಚ ಹಿಡಿದು ಕಾಫಿ ಹೀರಿ, ಉಗಿದು, ಗುಣ ಬರೆದವಳು ನಾನು. ರಿಟೈರಾಗಿ ರಾಣೇಬೆನ್ನೂರಿನ ಗಂಡನ ಮನೆಯಲ್ಲಿ, ವಿಧವೆ ನಾದಿನಿಯ ಜೊತೆ ಕೂತ ಮೇಲೆ ನನ್ನ ನಾಲಿಗೆಯನ್ನು ಯಾರೂ ಏನೂ ಕೇಳಿರಲಿಲ್ಲ. ಸಾರಿಗೆ ಉಪ್ಪು ಸಾಕೇ ಎಂಬುದನ್ನು ಬಿಟ್ಟರೆ. ಹಾಗಾಗಿ ಹೂಂ ಎನ್ನಲು ಎರಡನೇ ಮಾತು ಬೇಕಾಗಲಿಲ್ಲ.

ಮಷೀನಿಗೆ ಬೀಜ ಹೊಂದಿಸುವುದು ಫಿಲ್ಟರಿಗೆ ಪುಡಿ ಹೊಂದಿಸಿದ ಹಾಗಲ್ಲ. ಫಿಲ್ಟರ್ ಕಾಫಿಯ ಎಷ್ಟೋ ತಪ್ಪುಗಳನ್ನು ಚಿಕೋರಿ ಮುಚ್ಚಿಬಿಡುತ್ತದೆ. ಈ ಮಷೀನಿಗೆ ಚಿಕೋರಿ ಹಾಕುವಂತಿಲ್ಲ, ಅದರ ಅಂಟಿಗೆ ಬೀಸುವ ಹಲ್ಲುಗಳು ಕಟ್ಟಿಕೊಳ್ಳುತ್ತವೆ. ಅಂದಮೇಲೆ ನಮ್ಮ ಜನಕ್ಕೆ ಬೇಕಾದ, ನಾಲಿಗೆಯ ಮೇಲೆ ಕೂತುಬಿಡುವ ಆ ದಪ್ಪ, ಬೀಜದಿಂದಲೇ ಬರಬೇಕು. ಮೊದಲು ರಾಣೇಬೆನ್ನೂರಿನಲ್ಲಿ ಬರೀ ಅರೇಬಿಕಾ ಹಾಕಿ ನೋಡಿದೆ. ಕಪ್ಪು ಕಾಫಿಯಲ್ಲಿ ಲವ್ಲಿ. ಎಮ್ಮೆಯ ಹಾಲು ಬಿದ್ದ ಕೂಡಲೇ ನೀರುನೀರಾಗಿ, ಹಿಂದೆಯೇ ಒಂದು ಹುಳಿ ಉಳಿಯುತ್ತಿತ್ತು. ತೊಳೆದು ಒಣಗಿಸಿದ ರೋಬಸ್ಟಾ ಸೇರಿಸುತ್ತ ಬಂದೆ. ದಪ್ಪ ಬಂತು, ಆದರೆ ದೊಡ್ಡ ಚಪ್ಪಟೆ ಬೀಜಗಳು ಮೇಲಿನ ಡಬ್ಬಿಯ ಬಾಯಲ್ಲಿ ಒಂದಕ್ಕೊಂದು ಆತುಕೊಂಡು ನಿಂತು ಕೆಳಗಿಳಿಯುತ್ತಿರಲಿಲ್ಲ. ಅರೇಬಿಕಾದ ಚಪ್ಪಟೆ ಬೀಜ ಬಿಟ್ಟು ಅದರದೇ ಪೀಬೆರಿ ಹಾಕಿದೆ. ಹಣ್ಣಿನೊಳಗೆ ಒಂಟಿಯಾಗಿ ಬೆಳೆದು ಗುಂಡಗಾದ ಬೀಜ ಅದು, ಕಾಳುಮೆಣಸಿನ ಹಾಗೆ ಉರುಳಿ ಇಳಿಯಿತು.

ಹುರಿಯುವುದರಲ್ಲಿ ನಾನು ಬಹಳ ಹಟ ಮಾಡಿದೆ. ಬೀಜ ಕಂದಾಗಬೇಕು, ಕಪ್ಪಾಗಬಾರದು. ಎರಡನೇ ಸಲ ಚಿಟಿಚಿಟಿ ಸಿಡಿಯುವ ಮೊದಲೇ ಡ್ರಮ್ಮಿನಿಂದ ಇಳಿಸಬೇಕು. ಅದಕ್ಕೂ ಮುಂದೆ ಹೋದರೆ ಬೀಜದೊಳಗಿನ ಎಣ್ಣೆ ಮೇಲೆ ಬರುತ್ತದೆ, ಎಣ್ಣೆ ಬಂದ ಬೀಜ ಮಷೀನಿಗೆ ವಿಷ. ಹುರಿದ ಮೇಲೆ ಒಂದು ವಾರ ಸುಮ್ಮನಿಟ್ಟು, ಒಳಗಿನ ಗಾಳಿ ಬಿಟ್ಟ ಮೇಲೆಯೇ ಪ್ಯಾಕೆಟ್ಟಿಗೆ ತುಂಬಬೇಕು. ಪುಡಿ ಸಣ್ಣ-ದಪ್ಪ ಮಾಡುವ ತಿರುಪನ್ನು ಬೀಸುತ್ತಿರುವಾಗಲೇ ತಿರುಗಿಸಬೇಕು, ನಿಂತಾಗ ಮುಟ್ಟಬಾರದು. ಒಳಗಿನ ತಟ್ಟೆಗೆ ಬಿದ್ದ ಚರಟದ ಬಿಲ್ಲೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದೆ. ಗಟ್ಟಿಯಾಗಿ ಒಡೆದರೆ ಸರಿ, ಕೆಸರಾಗಿದ್ದರೆ ಮತ್ತೆ ತಿರುಪು.

ಹಾವೇರಿಯ ಆಸ್ಪತ್ರೆಯಲ್ಲಿ ನೀರಿನದೇ ತಕರಾರು. ಬೋರ್‌ವೆಲ್ಲಿನ ಗಡುಸು ನೀರು ಅರೇಬಿಕಾದ ಪರಿಮಳವನ್ನೆಲ್ಲ ನುಂಗಿ ಸಪ್ಪೆ ಮಾಡುತ್ತಿತ್ತು. ಅಲ್ಲಿಗೆ ಪೀಬೆರಿ ಹೆಚ್ಚಿಸಿ, ನೀರಿಗೆ ಫಿಲ್ಟರ್ ಕೂರಿಸಿದೆವು. ಬ್ಯಾಡಗಿಯದಂತೂ ಕೇಳಲೇಬೇಡಿ. ಸೀಜನ್ನಿನಲ್ಲಿ ಬಸ್ಸು ಮೋಟೆಬೆನ್ನೂರು ದಾಟುತ್ತಲೇ ಮೆಣಸಿನಕಾಯಿಯ ಘಾಟಿಗೆ ಗಂಟಲು ಕೆರೆಯುತ್ತದೆ. ನಮ್ಮ ಹುರಿಯುವ ಡ್ರಮ್ಮು ಇದ್ದದ್ದು ಮಾವನ ಮೆಣಸಿನಕಾಯಿ ಗೋದಾಮಿನ ಹಿಂಭಾಗದಲ್ಲಿ. ಮೊದಲ ಹುರಿತದ ಕಾಫಿ ಕುಡಿದಾಗ ಕೊನೆಯ ಗುಟುಕಿಗೆ ಸೀನು ಬಂತು. ಕಾಫಿ ಬೀಜ ಪಕ್ಕದಲ್ಲಿದ್ದುದರ ವಾಸನೆ ಹೀರಿಕೊಳ್ಳುತ್ತದೆ. ಅಷ್ಟೂ ಬೀಜ ಚೆಲ್ಲಿಸಿ, ಡ್ರಮ್ಮಿನ ಸುತ್ತ ಗೋಡೆ ಕಟ್ಟಿಸಿ, ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪರದೆ ಹಾಕಿಸಿದೆ. ಪ್ರತಿ ಸಲ ಒಂದು ಮಷೀನು ಸರಿ ಹೋದಾಗಲೂ ಹುಡುಗಿ ಕೇಳುವಳು, "ಜಾತಕ ಕೂಡ್ತೇನ್ರಿ ಮೌಶಿ?"

ಕೂಡಿತು. ಮೂರೂ ಕಡೆ ಕೂಡಿತು. ಬ್ಯಾಡಗಿಯ ಅಂಗಡಿಯಲ್ಲಿ ಅವಳ ಮಾವನವರು ಮಾತ್ರ ಮಷೀನಿನ ಮೇಲಿದ್ದ ಗಾಜಿನಂಥ ಡಬ್ಬಿಯೊಳಗೆ ಇಣುಕಿ ಮೂಗು ಮುರಿದರು.

"ಇದೇನ್ರಿ ಅಮ್ಮಾರ, ಹ್ವಾದ ವರ್ಷದ ಮಾಲೇನು? ಮಾರಿಮ್ಯಾಲ ಕಳೇನ ಇಲ್ಲ."

ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕೆ ರೇಟು. ಅಲ್ಲಿ ಹುಟ್ಟಿ ಬೆಳೆದ ಕಣ್ಣಿಗೆ ಮಂಕಾದದ್ದೆಲ್ಲ ಹಳೆಯದು. ಒಣಗಿದ್ದರೇ ಇದು ಒಳ್ಳೆಯ ಮಾಲು, ಹೊಳೆದರೆ ಕೆಟ್ಟದ್ದು ಎಂದು ನಾನು ವಿವರಿಸಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು.

ರಾಣೇಬೆನ್ನೂರಿನ ಕಂಪನಿಯ ಮ್ಯಾನೇಜರ್ ಒಳ್ಳೆಯ ಮನುಷ್ಯ. ಬಿತ್ತನೆಯ ಹಂಗಾಮು ಮುಗಿಯುವ ತನಕ ಮಷೀನು ತೊಂದರೆ ಕೊಡದಿದ್ದರೆ ತಮ್ಮ ಎಲ್ಲ ಡಿಪೋಗಳಿಗೂ ನಮ್ಮ ಬೀಜವನ್ನೇ ತರಿಸುತ್ತೇವೆ ಎಂದರು. ಹುಡುಗಿ ಪ್ಯಾಕೆಟ್ಟಿನ ಮೇಲೆ "ಮೌಶಿ ಬ್ಲೆಂಡ್" ಎಂದು ಪ್ರಿಂಟ್ ಹಾಕಿಸಿದಳು. ಇದೆಲ್ಲ ಯಾಕೆ ಎಂದು ಬೈದಂತೆ ಮಾಡಿದೆ. ಫ್ರಾಂಕ್ಲಿ, ನನಗೆ ಅದರಷ್ಟು ಖುಷಿ ಕೊಟ್ಟದ್ದು ಆ ವಯಸ್ಸಿನಲ್ಲಿ ಬೇರೆ ಇರಲಿಲ್ಲ. ಹುರಿಯುವ ದಿನ ಬ್ಯಾಡಗಿಗೆ ಹೋಗಿ, ಬಣ್ಣ ನೋಡಿ, ಡ್ರಮ್ಮಿನಿಂದ ನೇರ ಒಂದು ಹಿಡಿ ಬೀಜ ಸೀಸೆಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ಪ್ರತಿ ಹುರಿತದ ಸ್ಯಾಂಪಲ್ ಎತ್ತಿಡುವುದು ಟೇಸ್ಟಿಂಗ್ ರೂಮಿನಿಂದ ಬಂದ ಚಾಳಿ. ವಾರ ಕಳೆದು ಪ್ಯಾಕೆಟ್ ತುಂಬುವ ದಿನ ಹೋಗುತ್ತಿರಲಿಲ್ಲ. ಅದು ಅವಳ ಪಾಲಿನ ಕೆಲಸ.

ಆಮೇಲೆ ಆ ಸದ್ದು ಶುರುವಾಯಿತು.

ಮೊದಲ ಸಲ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದು ಬೀಸುವ ಹಲ್ಲು ಬಿಚ್ಚಿ ತೊಳೆದು ಹೋದ. ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ. ಹಲ್ಲಿಗೆ ಪುಡಿ ಕಟ್ಟಿಕೊಂಡಿತ್ತಂತೆ ಎಂದಷ್ಟೇ ಹುಡುಗಿ ಹೇಳಿದಳು. ಬೀಜ ಹೆಚ್ಚು ಹುರಿದದ್ದೇ ಇರಬೇಕೆಂದು ಮುಂದಿನ ಹುರಿತವನ್ನು ಇನ್ನೂ ತಿಳಿಯಾಗಿ ಇಳಿಸಿದೆ. ಮತ್ತೆ ಕಟ್ಟಿಕೊಂಡಿತು. ತಿರುಪು ಸಡಿಲಿಸಿದೆ, ಕಾಫಿ ನೀರಾಯಿತು, ಕೆಲಸದವರು ಮತ್ತೆ ಚಾ ತರಿಸತೊಡಗಿದರು. ಈ ನಡುವೆ ಮಷೀನಿನ ಒಂದು ಕಪ್ಪು ಕಾಫಿ ಹೀರಿದಾಗ ನಾಲಿಗೆಯ ಬುಡದಲ್ಲಿ ಹಳೆಯ ಶೇಂಗಾದ ಕಮಟು ಸಿಕ್ಕಿತು. ಅವಳ ಕೈಗೆ ಕಪ್ಪು ಕೊಟ್ಟು ನೋಡಲು ಹೇಳಿದೆ. ಅವಳು ಕುಡಿದಳು. ಕಿಟಕಿಯ ಕಡೆ ನೋಡುತ್ತ ಇನ್ನೊಂದು ಗುಟುಕು ಕುಡಿದಳು.

"ನನಗೇನೂ ಹಂಗ ಅನಸವಲ್ದು, ಮೌಶಿ."

ಹಾವೇರಿಯ ಆಸ್ಪತ್ರೆಯವರಿಗೆ ಹೇಳಿದೆ, ಅದೇ ಉತ್ತರ. ಬ್ಯಾಡಗಿಯಲ್ಲಿ ಹೇಳಿದೆ, ಅವಳ ಮಾವನವರೂ ಏನೂ ಇಲ್ಲವೆಂದರು. ಆಗ ಅವಳು ನನ್ನ ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು, ಮೆತ್ತಗೆ ಹೇಳಿದಳು. "ಸಿಟ್ಟಾಗಬ್ಯಾಡ್ರಿ. ನೀವು ಬಿ.ಪಿ. ಗುಳಿಗಿ ಬದಲಿ ಮಾಡೀರಲ್ಲ. ನಮ್ಮತ್ತಿಗೂ ಹಿಂಗ ಆಗಿತ್ತು, ಏನ ತಿಂದ್ರೂ ಕಮಟು ಅಂತಿದ್ರು. ಒಮ್ಮೆ ಡಾಕ್ಟರಿಗೆ ತೋರಸೂಣು."

ಅವಳೇ ಕಾರಿನಲ್ಲಿ ಹಾವೇರಿಗೆ ಕರೆದುಕೊಂಡು ಹೋದಳು. ರಸ್ತೆ ದಾಟುವಾಗ ತೋಳು ಹಿಡಿದಿದ್ದಳು. ಡಾಕ್ಟರ್ ನಾಲಿಗೆ ಚಾಚಿಸಿ ಟಾರ್ಚ್ ಬಿಟ್ಟು ನೋಡಿ, ವಯಸ್ಸಿಗೆ ಹೀಗಾಗುವುದುಂಟು, ಗುಳಿಗೆಗೂ ಆಗುವುದುಂಟು ಎಂದರು. ಅವರು ಸುಳ್ಳೇನೂ ಹೇಳಲಿಲ್ಲ. ವಾಪಸು ಬರುವಾಗ ಹುಡುಗಿ, ಇನ್ನು ಮೇಲೆ ನೀವು ಟೇಸ್ಟ್ ಮಾಡುವ ತ್ರಾಸು ತೆಗೆದುಕೊಳ್ಳಬೇಡಿ, ಬ್ಲೆಂಡ್ ಹೇಗೂ ಗೊತ್ತಾಗಿದೆ, ಆರಾಮ ಇರಿ ಎಂದಳು. ನಾನು ಥ್ಯಾಂಕ್ಯೂ ಎಂದೆ. ಈ ಒಂದು ಶಬ್ದವನ್ನು ವಾಪಸು ಪಡೆಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಆಮೇಲಿನ ದಿನಗಳು ವಿಚಿತ್ರ. ಬಾಯಿಗೆ ಹಾಕಿದ್ದೆಲ್ಲದರ ಮೇಲೂ ಅನುಮಾನ. ಮಾವಿನಕಾಯಿ ಉಪ್ಪಿನಕಾಯಿ ಹುಳಿಯೋ ಅಲ್ಲವೋ ಎಂದು ನೆಕ್ಕಿ ನೆಕ್ಕಿ ನೋಡುವುದು. ಸಾರು ಹೇಗಿದೆ ಎಂದು ನಾದಿನಿಯನ್ನು ಕೇಳಿ ಕೇಳಿ, ಅವಳಿಗೂ ರೋಸಿ ಹೋಯಿತು.

"ಉಪ್ಪು ಸರಿ ಐತಿ ಅಂತ ಇನ್ನ ಎಷ್ಟ ಸಲ ಹೇಳ್ಲಿ ವೈನಿ? ಬೇಕಾದ್ರ ಬರದ ಕೊಡ್ತೇನಿ."

ನನ್ನ ಕಣ್ಣು ಹೋಗಿದ್ದರೆ ಇಷ್ಟು ದುಃಖವಾಗುತ್ತಿತ್ತೋ ಇಲ್ಲವೋ. ಓದುವುದಕ್ಕೆ ಬೇರೆಯವರಿದ್ದಾರೆ. ನಾಲಿಗೆ ನನಗೆ ಅನ್ನ ಕೊಟ್ಟ ಅಂಗ.

ಒಂದು ಮಧ್ಯಾಹ್ನ ನಾದಿನಿ ಒಗ್ಗರಣೆ ಹಾಕಿದ ಅವಲಕ್ಕಿ ಕೊಟ್ಟಳು. ಒಂದು ತುತ್ತಿಗೆ, ಎಣ್ಣೆ ಹಳೆಯದಲ್ಲವೇ ಎಂದೆ. ಮತ್ತೆ ಶುರುವಾಯಿತೆಂದು ಅವಳು ಗೊಣಗಿಕೊಂಡೇ ಅಡುಗೆಮನೆಗೆ ಹೋದಳು. ಡಬ್ಬಿ ಮೂಸಿ ನೋಡಿ ಹೊರಬಂದು, ಹಳೆಯ ಡಬ್ಬಿಯ ತಳದಲ್ಲಿದ್ದುದನ್ನು ಹಾಕಿದ್ದೆ, ಖರೇನೇ ಕಮಟು ಬಂದಿದೆ ಎಂದಳು. ನಾನು ತಟ್ಟೆ ಕೆಳಗಿಟ್ಟೆ.

ಟೇಸ್ಟಿಂಗ್ ರೂಮಿನಲ್ಲಿ ಹೊಸಬರ ನಾಲಿಗೆ ಪರೀಕ್ಷಿಸುವ ಒಂದು ಪದ್ಧತಿಯಿತ್ತು. ಮೂರು ಕಪ್ಪು ಇಡುವುದು, ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ಕಣ್ಣು ಕಟ್ಟಿಕೊಂಡು ಹೇಳಬೇಕು. ಒಮ್ಮೆ ಸರಿಯಾದರೆ ಅದೃಷ್ಟ ಇರಬಹುದು, ಪದೇ ಪದೇ ಸರಿಯಾದರೆ ನಾಲಿಗೆ ಇದೆ. ನಾನು ಅದನ್ನು ನನ್ನ ಮೇಲೆಯೇ ಮಾಡಲು ನಿರ್ಧರಿಸಿದೆ. ಫೇಲಾದರೆ ಹುಡುಗಿಗೆ ಫೋನು ಮಾಡಿ, ಪ್ಯಾಕೆಟ್ಟಿನ ಮೇಲಿಂದ ನನ್ನ ಹೆಸರು ತೆಗೆ ಎನ್ನುವುದು ಎಂದುಕೊಂಡೆ. ಭಯವಿತ್ತು, ವೈ ಶುಡ್ ಐ ಲೈ.

ಮನೆಯಲ್ಲಿ ಒಂದೇ ಹುರಿತದ ಬೀಜ ಎರಡು ಕಡೆಯದು ಇತ್ತು. ನಾನೇ ಡ್ರಮ್ಮಿನಿಂದ ತಂದ ಸೀಸೆಯದು ಒಂದು, ಅಂಗಡಿಯಿಂದ ಬಂದ ಪ್ಯಾಕೆಟ್ಟಿನದು ಇನ್ನೊಂದು. ನಾಲಿಗೆಯೇ ಹೋಗಿದೆ ಎಂದು ನಂಬಿದವಳು ಅಲ್ಲಿಯ ತನಕ ಆ ಸೀಸೆಗಳನ್ನು ಮುಟ್ಟಿಯೂ ಇರಲಿಲ್ಲ. ಎರಡನ್ನೂ ಬೇರೆ ಬೇರೆ ಬೀಸಿ, ಒಂದೇ ತೂಕ, ಒಂದೇ ಬಿಸಿನೀರು. ಕಪ್ಪಿನ ತಳಕ್ಕೆ ಗುರುತು ಹಾಕಿ ಅದಲು ಬದಲು ಮಾಡುವ ಕೆಲಸ ನಾದಿನಿಯದು. ನಾನು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ. ಅವಳು ಬೇಕಂತಲೇ ಮೋಸ ಮಾಡಲು ನೋಡಿದಳು, ಒಂದು ಸಲ ಮೂರೂ ಕಪ್ಪಿಗೆ ಒಂದೇ ಕಾಫಿ ಸುರಿದಳು. ಇದರಲ್ಲಿ ಬೇರೆಯದೇ ಇಲ್ಲ ಎಂದೆ. ಮತ್ತೆ ಮತ್ತೆ ಇಟ್ಟಳು, ಮತ್ತೆ ಮತ್ತೆ ಹೇಳಿದೆ. ಒಂದೂ ತಪ್ಪಲಿಲ್ಲ. ಶೇಂಗಾದ ಕಮಟು ಪ್ಯಾಕೆಟ್ಟಿನ ಬೀಜದಲ್ಲಿ ಮಾತ್ರ ಇತ್ತು.

ಎರಡೂ ಬೀಜಗಳನ್ನು ಟಿಶ್ಯೂ ಪೇಪರಿನ ನಡುವೆ ಇಟ್ಟು ವಾಟಗದ, ಸಣ್ಣ ಬಟ್ಟಲಿನ, ತಳದಿಂದ ಒತ್ತಿದೆ. ಸೀಸೆಯ ಬೀಜದ ಕೆಳಗೆ ಕಾಗದ ಒಣಗಿತ್ತು. ಪ್ಯಾಕೆಟ್ಟಿನ ಬೀಜದ ಕೆಳಗೆ ಜಿಡ್ಡಿನ ಕಲೆ. ಹುರಿತ ಒಂದೇ, ಬಣ್ಣ ಒಂದೇ. ಹಾಗಾದರೆ ಈ ಎಣ್ಣೆ ಬೀಜದ ಒಳಗಿನದಲ್ಲ. ಡ್ರಮ್ಮಿನಿಂದ ಪ್ಯಾಕೆಟ್ಟಿಗೆ ಹೋಗುವ ದಾರಿಯಲ್ಲಿ ಎಲ್ಲೋ ಸೇರಿದ್ದು.

ಪ್ಯಾಕೆಟ್ ತುಂಬುವ ದಿನ ನೋಡಿ, ಹೇಳದೆ ಕೇಳದೆ ಬ್ಯಾಡಗಿಗೆ ಹೋದೆ. ಗೋದಾಮಿನ ಮುಂಭಾಗದಲ್ಲಿ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ಪ್ಲಾಸ್ಟಿಕ್ ಪರದೆ ಸರಿಸಿ ಒಳಗೆ ಹೋದರೆ, ಇಬ್ಬರು ಹೆಂಗಸರು ದೊಡ್ಡ ಪರಾತದ ತಟ್ಟೆಯಲ್ಲಿ ಕಾಫಿ ಬೀಜ ಹರಡಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಶೇಂಗಾ ಎಣ್ಣೆಯ ಒಂದು ಬಟ್ಟಲು, ಅದರಲ್ಲಿ ಅದ್ದಿದ ಬಟ್ಟೆ. ಬಟ್ಟೆಯನ್ನು ಅಂಗೈಗೆ ಒರೆಸಿಕೊಳ್ಳುವುದು, ಆ ಕೈಯನ್ನು ಬೀಜದ ಮೇಲೆ ಮೃದುವಾಗಿ ಆಡಿಸುವುದು. ಮಾಸಿದ ಮೆಣಸಿನಕಾಯಿಗೆ ಎಣ್ಣೆಯ ಕೈ ಆಡಿಸಿ ಕಳೆ ಬರಿಸುವವರನ್ನು ನಾನು ಆ ಕಡೆ ಎಲ್ಲೆಲ್ಲೋ ನೋಡಿದ್ದೆ. ಅದೇ ಕೈ, ಅದೇ ಲಯ.

"ಬರ್ರಿ ಅಮ್ಮಾರ, ಕುಂದ್ರಿ," ಎಂದಳು ಒಬ್ಬಳು ಅಕ್ಕರೆಯಿಂದ. "ಈಗ ನೋಡ್ರಿ ಹೆಂಗ ಹೊಳ್ಯಾಕತ್ತಾವ."

ಯಾವಾಗಿನಿಂದ ಹೀಗೆ ಮಾಡುತ್ತೀರಿ ಎಂದು ಕೇಳಿದೆ. ಮಷೀನು ಮೊದಲ ಸಲ ಕೆಡುವ ಮುಂಚಿನಿಂದಲೂ ಎಂದಳು. ಅವಳು ಏನನ್ನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. "ನಡುವ ಆ ಮೆಕ್ಯಾನಿಕ್ ಬಂದು, ಎಣ್ಣಿ ಹಚ್ಚಬ್ಯಾಡ್ರಿ, ಮಷೀನ್ ಕಟ್ಟತೈತಿ ಅಂದ್ರೀ. ಅಕ್ಕಾರು, ಸ್ವಲ್ಪ ಕಮ್ಮಿ ಹಚ್ರಿ ಅಂದ್ರು. ಅವತ್ತಿಂದ ಕಮ್ಮೀನ ಹಚ್ಚತೇವಿ."

ಆ ಮೆಕ್ಯಾನಿಕ್ ಬಂದದ್ದು ಮೊದಲ ಸಲ ಮಷೀನು ಕೆಟ್ಟಾಗ, ವಾಪಸು ಹೋಗುವ ದಾರಿಯಲ್ಲಿ ಇಲ್ಲಿಗೂ ಬಂದಿದ್ದನೆಂದಾಯಿತು. ಡಾಕ್ಟರ ಹತ್ತಿರ ಹೋದದ್ದು ಅದಕ್ಕಿಂತ ಎಷ್ಟೋ ಆಮೇಲೆ. ಒಂದು ಹಿಡಿ ಬೀಜ ಮುಷ್ಟಿಯಲ್ಲಿ ಹಿಡಿದು ಮುಂದಿನ ಅಂಗಡಿಗೆ ಹೋದೆ. ಹುಡುಗಿ ಒಬ್ಬಳೇ ಇದ್ದಳು. ಬೀಜ ಟೇಬಲ್ಲಿನ ಮೇಲೆ ಇಟ್ಟು, ಜಿಡ್ಡಾದ ಅಂಗೈ ತೋರಿಸಿದೆ.

ಅವಳು ನಾಟಕವಾಡಲಿಲ್ಲ. ಅಷ್ಟಕ್ಕಾದರೂ ಅವಳ ತಾಯಿಯ ಮಗಳು.

"ನಿಮ್ಮ ಬೀಜ ಛಲೋ ಅವ ಮೌಶಿ. ಆದ್ರ ಮಂದಿ ಮೊದಲ ಕಣ್ಣೀಲೆ ನೋಡ್ತಾರ. ಮಂಕ ಮಾಲು ನಮ್ಮ ಕಡೆ ಯಾರ ಮುಟ್ತಾರ?"

"ಅದು ಇರಲಿ. ಮೆಕ್ಯಾನಿಕ್ ಹೇಳಿದ ಮ್ಯಾಲೂ ನನ್ನ ಡಾಕ್ಟರ್ ಕಡೆ ಯಾಕ ಕರಕೊಂಡ ಹೋದಿ?"

ಅವಳು ಟೇಬಲ್ಲಿನ ಮೇಲಿನ ಬೀಜಗಳನ್ನು ಒಂದೊಂದೇ ಒಟ್ಟುಗೂಡಿಸತೊಡಗಿದಳು.

"ಕಂಪನಿಯವ್ರಿಗೆ ಏನರೆ ಒಂದು ಹೇಳಬೇಕಿತ್ತಲ್ರಿ. ಎಣ್ಣಿ ಅಂದ್ರ ನನ್ನ ಧಂದೇನ ಮುಗೀತಿತ್ತು. ಮೌಶಿಗೆ ವಯಸ್ಸಾಗೇತಿ, ರುಚಿ ತಪ್ಪೇತಿ ಅಂದ್ರ ಯಾರೂ ಸಿಟ್ಟಿಗೇಳಂಗಿಲ್ಲ, ಪಾಪ ಅಂತಾರ." ಆಮೇಲೆ ತಲೆ ಎತ್ತಿ, ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು. "ಅದರಾಗ ನಿಮಗ ಏನ ಹೋಗೂದೈತಿ?"

ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ನಮ್ಮನ್ನು ಹದಗೊಳಿಸಿದ್ದರು. ಏರಿಸಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕೆಂದರೆ ನನ್ನ ಇಡೀ ಬದುಕನ್ನು ಅವಳ ಟೇಬಲ್ಲಿನ ಮೇಲೆ ಸುರಿಯಬೇಕಿತ್ತು. ಕಂಪನಿಗೆ ನಿಜ ಹೇಳುತ್ತೇನೆ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳ ತಾಯಿಯ ಮುಖ ಕಣ್ಣ ಮುಂದೆ ಬಂದು, ಹೇಳಬೇಡ ಎನ್ನುತ್ತಿತ್ತೋ ಹೇಳು ಎನ್ನುತ್ತಿತ್ತೋ ತಿಳಿಯಲಿಲ್ಲ.

ಮರುದಿನ ಮ್ಯಾನೇಜರರ ಮುಂದೆ ಕೂತು ಎಲ್ಲ ಹೇಳಿದೆ. ಸೀಸೆ, ಪ್ಯಾಕೆಟ್ಟು, ಕಲೆ ಬಿದ್ದ ಟಿಶ್ಯೂ ತೋರಿಸಿದೆ. ನಿಮ್ಮೆದುರಿಗೇ ಮೂರು ಕಪ್ಪು ಇಡಿ, ಕಣ್ಣು ಕಟ್ಟಿ, ನಾನು ಹೇಳುತ್ತೇನೆ ಎಂದೆ. ಅವರು ನನ್ನ ಮಾತು ಮುಗಿಯುವ ತನಕ ಕಾದರು. ನೀರು ತರಿಸಿದರು.

"ಅಕ್ಕಾರು ನಿನ್ನೆ ಸಂಜೀನ ಫೋನ್ ಮಾಡಿದ್ರು ಮೇಡಂ. ನೀವು ಭಾಳ ಮನಸಿಗೆ ಹಚ್ಚಿಗೊಂಡೀರಂತ. ಹಂಗೆಲ್ಲ ಮಾಡ್ಕೋಬ್ಯಾಡ್ರಿ. ನಿಮ್ಮ ಬಗ್ಗೆ ನಮಗ ಗೌರವ ಐತಿ."

ಮಷೀನಿನ ಜಾಗದಲ್ಲಿ ಆಗಲೇ ಬೇರೊಂದು ಸಣ್ಣ ಡಬ್ಬಿ ಬಂದಿತ್ತು. ಹಾಲಿನ ಪುಡಿ, ಸಕ್ಕರೆ, ಕಾಫಿ ಪುಡಿ ಎಲ್ಲ ಬೆರೆಸಿ ಬಿಸಿನೀರು ಬಿಡುವಂಥದ್ದು. ಅದನ್ನೂ ಅವಳೇ ಸಪ್ಲೈ ಮಾಡಿದ್ದಳು. ಬೀಸುವ ಗೋಜೇ ಇಲ್ಲ, ಸದ್ದೇ ಇಲ್ಲ ನೋಡಿ ಎಂದು ಮ್ಯಾನೇಜರ್ ಸಂತೋಷದಿಂದ ಗುಂಡಿ ಒತ್ತಿ ನನಗೊಂದು ಕಪ್ಪು ಕೊಟ್ಟರು. ಮೂರು ಕಪ್ಪು ಇಡುವ ಮಾತು ಮತ್ತೆ ಬರಲಿಲ್ಲ. ಮಷೀನು ಹೋಯಿತು, ಡಿಪೋಗಳ ಆರ್ಡರ್ ಹೋಯಿತು, ಅದಕ್ಕೆ ಅತ್ತವಳಲ್ಲ ನಾನು. ಆ ಮನುಷ್ಯ ನನ್ನ ಕುರ್ಚಿಯನ್ನು ತಾನೇ ಹಿಂದಕ್ಕೆ ಎಳೆದು, ಮಗುವನ್ನು ಏಳಿಸುವ ಹಾಗೆ ಏಳಿಸಿದಾಗ ಮಾತ್ರ ಅಲ್ಲಿ ನಿಲ್ಲಲಾಗದೆ, ಸೀಸೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೊರಬಂದೆ.

ಅವಳನ್ನು ಕೊನೆಯ ಸಲ ನೋಡಿದ್ದು ಮರುವರ್ಷ, ಹಾವೇರಿಯಲ್ಲಿ. ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋಗಿ ಬರುತ್ತಿದ್ದೆ. ಹೊಸದಾಗಿ ತೆರೆದ ಬೇಕರಿಯ ಒಳಗಿನಿಂದ "ಮೌಶಿ" ಎಂದು ಕರೆದಂತಾಯಿತು. ಅವಳೇ ಇಳಿದು ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕೌಂಟರಿನ ಮೇಲೆ ಅವಳು ಸಪ್ಲೈ ಮಾಡಿದ, ಬೀಜ ಬೀಸುವ ಮಷೀನು ಇತ್ತು. ಫ್ಯಾನಿನ ಕೆಳಗೆ ಕೂರಿಸಿ, ಒಂದು ಕಪ್ಪು ತಂದಿಟ್ಟು, ಬೇಕರಿಯ ಮಾಲೀಕರನ್ನು ಕರೆದಳು.

"ಇವ್ರು ನಮ್ಮ ಮೌಶಿ. ನನಗ ಕಾಫಿ ಅಂದ್ರ ಏನಂತ ಕಲಿಸಿದವ್ರ ಇವ್ರು," ಎಂದಳು. ನನ್ನ ಹೆಗಲ ಮೇಲೆ ಕೈ ಇಟ್ಟಿದ್ದಳು, ಆ ಕೈಯಲ್ಲಿ ಪ್ರೀತಿಯೂ ಇತ್ತು, ಅದೇ ಹೇಳಲಾಗದ ಸಂಗತಿ. "ಪಾಪ, ಈಗ ಇವ್ರಿಗೆ ರುಚಿ ತಿಳ್ಯಂಗಿಲ್ಲ."

ಅವಳು ಅದನ್ನು ಈಗ ನಂಬಿಯೇ ಬಿಟ್ಟಿದ್ದಳು. ಮಾಲೀಕರು ತಲೆದೂಗಿ, ನಮ್ಮ ತಾಯಿಗೂ ಹಾಗೇ ಆಗಿದೆ ಎಂದರು.

ನಾನು ಕಾಫಿ ಕುಡಿದೆ. ಎಣ್ಣೆ ಇರಲಿಲ್ಲ. ಅದನ್ನು ಬಿಟ್ಟಿದ್ದಳು. ತೊಳೆಯದೆ ಒಣಗಿಸಿದ ಅಗ್ಗದ ರೋಬಸ್ಟಾ ಹೆಚ್ಚಾಗಿತ್ತು, ಹುರಿತ ಒಂದು ಹೆಜ್ಜೆ ಮುಂದೆ ಹೋಗಿತ್ತು, ಮಷೀನಿನ ನೀರಿನ ಫಿಲ್ಟರ್ ಬದಲಾಯಿಸಿ ಬಹಳ ದಿನವಾಗಿತ್ತು. ಕೊನೆಯ ಗುಟುಕಿನಲ್ಲಿ ಮೆಣಸಿನಕಾಯಿಯ ಸಣ್ಣ ಘಾಟು. ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟೆ. ಹೇಗಿದೆ ಎಂದು ಇಬ್ಬರೂ ಕೇಳಲಿಲ್ಲ.

ಬಾಗಿಲ ತನಕ ಬಂದಳು. ಆಟೋ ಕೂಗಿದಳು. ನನ್ನ ಶಾಲು ಸರಿ ಮಾಡಿ, ಮೊಣಕೈ ಹಿಡಿದು, "ಸಾವಕಾಶ ಮೌಶಿ, ಮೆಟ್ಟಲ ಅದಾವ," ಎಂದಳು.

ಮೆಟ್ಟಿಲು ನನಗೆ ಕಾಣುತ್ತಿತ್ತು.